ಹಸಿ ಕಡಲೆ ಸುಲಿದ ಮಧ್ಯಾಹ್ನ

ನನ್ನ ಅಕ್ಕನ ಮಗಳು ನನಗಿಂತ ಒಂದೂವರೆ ವರ್ಷ ದೊಡ್ಡವಳು. ನಗಬೇಡಿ, ನಮ್ಮ ಕಡೆ ಇದೇನು ಹೊಸದಲ್ಲ. ಅಕ್ಕನಿಗೆ ಹದಿನೈದು ತುಂಬುತ್ತಲೇ ದೇವದುರ್ಗಕ್ಕೆ ಕೊಟ್ಟರು. ಅಲ್ಲಿ ಅವಳ ಕೂಸು ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುವ ಹೊತ್ತಿಗೆ ಇಲ್ಲಿ ರಾಯಚೂರಿನಲ್ಲಿ ನಮ್ಮವ್ವ ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ನೀರು ಹೊರುತ್ತಿದ್ದಳು. ಹೀಗಾಗಿ ಆ ದೊಡ್ಡವಳು ಈ ಚಿಕ್ಕವಳನ್ನು ಚಿಗವ್ವಾ ಎನ್ನಬೇಕು. ಮುಂದೆ ಅವಳನ್ನು ನನ್ನ ಅಣ್ಣನಿಗೇ ತಂದುಕೊಂಡದ್ದರಿಂದ ನಾನು ಅವಳನ್ನು ವೈನಿ ಎನ್ನಬೇಕಾಯಿತು. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಇದೊಂದು ಆಟ.

"ವೈನಿ, ಒಂದು ಲೋಟ ನೀರು ಕೊಡ್ರಿ."

"ಯಾಕ, ಚಿಗವ್ವಾರು ಕಾಲು ಮುರಕೊಂಡೀರೇನು? ಎದ್ದು ತಗೋಬೇ."

ಅವ್ವನಿಗೆ ಈ ಮದುವೆಯ ಬಗ್ಗೆ ಎಲ್ಲಿಲ್ಲದ ಹೆಮ್ಮೆ. ಬಂದವರಿಗೆಲ್ಲ ಹೇಳುತ್ತಿದ್ದಳು: "ನನ್ನ ಮೊಮ್ಮಗಳು ನನ್ನ ಮನಿಗೇ ಸೊಸಿಯಾಗಿ ಬಂದಾಳ. ಹೊರಗಿನವರು ಯಾಕ ಬೇಕ್ರಿ? ನಮ್ಮ ರಕ್ತ ನಮ್ಮಲ್ಲೇ ಇರ್ಲಿ." ವೈನಿ ಅವ್ವನನ್ನು ಅತ್ತೀ ಎಂದು ಒಂದು ದಿನವೂ ಕರೆಯಲಿಲ್ಲ. ನಮ್ಮಲ್ಲಿ ಅಜ್ಜಿಗೆ ಅಮ್ಮ ಎನ್ನುತ್ತೇವೆ. ಮೊದಲಿನಂತೆ ಅಮ್ಮ ಎಂದೇ ಕರೆದಳು. ಅಣ್ಣ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್. ಸಂಜೆ ತಲೆ, ಹುಬ್ಬು, ಕಿವಿಯೆಲ್ಲ ಬಿಳಿ ಅರಳೆ ಅಂಟಿಸಿಕೊಂಡು ಬಂದರೆ ವೈನಿ ಬಾಗಿಲಲ್ಲೇ ನಿಲ್ಲಿಸಿ, "ಮುದುಕಪ್ಪಾ, ಯಾವೂರು ನಿಂದು?" ಎನ್ನುತ್ತಿದ್ದಳು. ಅಷ್ಟು ಸಣ್ಣ ಮಾತಿಗೆ ಅವನು ಅಷ್ಟು ನಗುತ್ತಿದ್ದ.

ಎಪ್ಪತ್ತೊಂಬತ್ತರ ನವರಾತ್ರಿಗೆ ಅವಳು ಬಸುರಿ ಎಂದು ಗೊತ್ತಾಯಿತು. ಆಗಲೇ ಒಂಬತ್ತು ದಿನದ ಒಪ್ಪತ್ತು ಹಿಡಿದಿದ್ದಳು. ಬಿಡು ಎಂದು ಯಾರೂ ಹೇಳಲಿಲ್ಲ. ಅವಳೂ ಬಿಡಲಿಲ್ಲ. ಆಮೇಲೆ ವಾಂತಿ ಹಿಡಿಯಿತು. ತಿಂದದ್ದು ನಿಲ್ಲದು. ತಂಬಾಕಿನ ಪುಡಿಯಿಂದ ಹಲ್ಲು ಉಜ್ಜಿದರೆ ವಾಂತಿ ಕಟ್ಟುತ್ತದೆ ಎಂದು ಓಣಿಯ ಹೆಂಗಸರು ಹೇಳಿದರು, ಉಜ್ಜಿದಳು. ದೀಪಾವಳಿ ಕಳೆದ ಮೇಲೆ ವಾಂತಿ ನಿಂತು ಮುಖಕ್ಕೆ ಕಳೆ ಬಂತು. ಎಲ್ಲರೂ ನಿಶ್ಚಿಂತರಾದೆವು.

ಆರು ತಿಂಗಳು ತುಂಬುವ ಹೊತ್ತಿಗೆ, ಎಂಬತ್ತರ ಫೆಬ್ರವರಿಯಲ್ಲಿ, ಆ ದೊಡ್ಡ ಸೂರ್ಯಗ್ರಹಣ ಬಂತು. ನಮ್ಮ ಊರಿನ ಮೇಲೆಯೇ ಹಾದು ಹೋಗುವ ಖಗ್ರಾಸ ಗ್ರಹಣ. ಎಲ್ಲಿಯವರೋ ದುರ್ಬೀನು ಹೊತ್ತು ನಮ್ಮೂರ ಕಡೆ ಬಂದಿದ್ದಾರೆ ಎಂದು ಅಣ್ಣ ಸುದ್ದಿ ತಂದ. ಅವ್ವನಿಗೆ ಅದೊಂದೂ ಬೇಡ. ಅವಳ ಚಿಂತೆ ಒಂದೇ, ಮನೆಯಲ್ಲಿ ಬಸುರಿ ಇದ್ದಾಳೆ.

ಹಿಂದಿನ ದಿನವೇ ಪಡಸಾಲೆಯ ಒಳಗಿನ ಕೋಣೆಯ ಕಿಟಕಿಗೆ ಗೋಣಿಚೀಲ ಬಡಿದಳು. ಗ್ರಹಣದ ದಿನ ಅಂಗಳದಲ್ಲಿ ನೀರು ತುಂಬಿದ ತಾಟಿನೊಳಗೆ ಒನಕೆ ನಿಲ್ಲಿಸಿದಳು. ಗ್ರಹಣ ಇರುವಷ್ಟು ಹೊತ್ತು ಅದು ತಾನಾಗಿಯೇ ನಿಲ್ಲುತ್ತದಂತೆ. ವೈನಿಯ ಹೊಟ್ಟೆಯ ಮೇಲೆ ಸಗಣಿ ಸವರಿ, ಚಾಪೆಯ ಮೇಲೆ ನೇರ ಮಲಗಿಸಿ, ನನ್ನನ್ನು ಕಾವಲಿಗೆ ಕೂರಿಸಿದಳು.

"ಕೈಕಾಲು ಮಡಚಬಾರದು. ಉಗುರು ಹಚ್ಚಿ ಕೆರಕೋಬಾರದು. ಕೊಯ್ಯೋದು, ಹರಿಯೋದು, ಸುಲಿಯೋದು ಯಾವುದೂ ಇಲ್ಲ. ಆಕಿ ಬೆರಳು ಅಲ್ಲಾಡಿಸಿದ್ರ ನನಗ ಹೇಳಬೇಕು. ಕೂಸಿನ ತುಟಿ ಹರೀತದ, ತಿಳೀತಿಲ್ಲೋ?"

"ತಿಳೀತು ಅಮ್ಮ. ಉಸಿರಾಡಬಹುದೇನು?" ಎಂದಳು ವೈನಿ ಮಲಗಿದಲ್ಲಿಂದಲೇ. ಅವ್ವ ಹೊರಗಿನಿಂದ ಕದ ಹಾಕಿಕೊಂಡಳು.

ಹಿಂದಿನ ರಾತ್ರಿಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೊರಗೆ ಬೆಳಕು ಕಂದುತ್ತ ಬಂತು. ಅಕ್ಕಿ ಗಿರಣಿಗಳ ಸದ್ದೂ ಇಲ್ಲ, ಬೀದಿಯಲ್ಲಿ ಟಾಂಗಾದ ಸದ್ದೂ ಇಲ್ಲ. ಮಧ್ಯಾಹ್ನದ ನಾಲ್ಕು ಕೂಡ ಹೊಡೆದಿರಲಿಲ್ಲ, ಬೇವಿನ ಮರಕ್ಕೆ ಕಾಗೆಗಳು ಮಲಗಲು ಬಂದು ಗದ್ದಲ ಮಾಡಿ ಸುಮ್ಮನಾದವು. ವೈನಿ ಮೆಲ್ಲಗೆ ಹೇಳಿದಳು, "ಚಿಗವ್ವಾ, ಕಣ್ಣಿಗಿ ಕತ್ತಲಿ ಬಂದಂಗ ಆಗಾಕತ್ತದ. ಇದು ಗ್ರಹಣದ್ದೋ ಹಸಿವಿಂದೋ ಗೊತ್ತಾಗವಲ್ದು."

ಆ ಕೋಣೆಯ ಮೂಲೆಯಲ್ಲಿ ನಾನು ಹಿಂದಿನ ದಿನ ಸಂತೆಯಿಂದ ತಂದ ಹಸಿ ಕಡಲೆಯ ಕಟ್ಟು ಇತ್ತು. ಗಿಡ ಸಮೇತ ಕಿತ್ತು ಮಾರುತ್ತಾರಲ್ಲ, ಅದು. ನಾನೇ ಎತ್ತಿ ಅವಳ ಮಡಿಲಿಗೆ ಹಾಕಿದೆ. ಅವಳು ಎದ್ದು ಕುಳಿತು, ಉಗುರಿನಿಂದ ಕಾಯಿ ಸೀಳಿ ಸೀಳಿ ತಿಂದಳು. ನಾನೂ ತಿಂದೆ. ಆ ಕತ್ತಲಲ್ಲಿ ಕಾಯಿ ಒಡೆಯುವ ಟಪ್ ಟಪ್ ಸದ್ದು ಕೇಳಿ ಇಬ್ಬರಿಗೂ ನಗು. ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಸಿಪ್ಪೆಯನ್ನು ನಾನು ಗೋಣಿಚೀಲದ ಹಿಂದೆ ಸೇರಿಸಿದೆ. ಅವ್ವ ಕದ ತೆಗೆದಾಗ ವೈನಿ ಹೆಣದಂತೆ ನೇರ ಮಲಗಿದ್ದಳು.

ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ಅವಳನ್ನು ತವರಿಗೆ, ದೇವದುರ್ಗಕ್ಕೆ ಕಳಿಸಿದೆವು. ಮೇ ತಿಂಗಳ ಬೆಂಕಿ ಬಿಸಿಲಿನಲ್ಲಿ ಹೆರಿಗೆಯಾಯಿತು ಎಂದು ಸುದ್ದಿ ಬಂತು. ಸುದ್ದಿ ತಂದವನು ಗಂಡು ಕೂಸು ಎಂದ, ಸಕ್ಕರೆ ಹಂಚಿ ಎನ್ನಲಿಲ್ಲ. ಅವ್ವ ಅಷ್ಟರಲ್ಲೇ ಏನನ್ನೋ ಅರಿತಳು. ನಾವಿಬ್ಬರೂ ಮೊದಲ ಬಸ್ಸಿಗೆ ಹೊರಟೆವು.

ಕೂಸು ಬೆಳ್ಳಗೆ, ತಲೆತುಂಬ ಕೂದಲು. ಮೇಲಿನ ತುಟಿ ಎಡಗಡೆ ಸೀಳಿ, ಆ ಸೀಳು ಮೂಗಿನ ಹೊಳ್ಳೆಯವರೆಗೆ ಹೋಗಿತ್ತು. ಅತ್ತಾಗ ನೋಡಿದರೆ ಬಾಯಿಯ ಒಳಗೂ, ಅಂಗುಳಿನಲ್ಲಿ, ಅದೇ ದಾರಿ. ಎದೆಗೆ ಹಚ್ಚಿದರೆ ಹಸಿದ ಕರುವಿನಂತೆ ಮುಖ ಹಚ್ಚುತ್ತಿತ್ತು, ಎಳೆಯಲು ಬರುತ್ತಿರಲಿಲ್ಲ. ಹಾಲು ಮೂಗಿನಲ್ಲಿ ಬರುತ್ತಿತ್ತು.

ಅವ್ವ ಕೂಸನ್ನು ಎತ್ತಿಕೊಳ್ಳುವ ಮೊದಲು ಕೇಳಿದ್ದು, "ಗ್ರಹಣದ ದಿನ ಏನು ಮಾಡಿದ್ದಿ?"

ವೈನಿ ಕೂಸಿನ ಮೂಗಿನ ಹಾಲು ಒರೆಸಿದಳು. ಅವ್ವ ನನ್ನ ಕಡೆ ತಿರುಗಿದಳು. "ನೀ ಕಾಯಾಕ ಕುಂತಿದ್ದೆಲ್ಲ. ಹೇಳು."

ನನಗೆ ಹದಿನೆಂಟು. ಹೆದರಿದ್ದೆ. ಕೂಸಿನ ಮುಖ ನೋಡಿದಾಗಲೇ ನನ್ನ ಕಿವಿಯಲ್ಲಿ ಟಪ್ ಟಪ್ ಶುರುವಾಗಿತ್ತು. "ಹಸಿ ಕಡ್ಲಿ ಸುಲದ್ಲು," ಎಂದೆ. ಕೊಟ್ಟವರು ಯಾರು ಎಂಬುದನ್ನು ನಾಲಿಗೆ ನುಂಗಿಕೊಂಡಿತು.

"ಯಾರು ಕೊಟ್ರು?"

ವೈನಿ ನನ್ನನ್ನು ಒಮ್ಮೆ ನೋಡಿದಳು. "ನಾನ ಸೆರಗಿನಾಗ ಇಟ್ಕೊಂಡಿದ್ದೆ, ಅಮ್ಮ. ಚಿಗವ್ವ ಬ್ಯಾಡ ಅಂದಿದ್ಲು."

ಅವ್ವ ಹಣೆ ಹಣೆ ಬಡಿದುಕೊಂಡಳು. "ಒಂದು ಹೊತ್ತು ಬಾಯಿ ಕಟ್ಟಾಕ ಆಗಲಿಲ್ಲೇನ? ನಿನ್ನ ಬಾಯಿ ಸಲುವಾಗಿ ಇದರ ಬಾಯಿ ಹೋತಲ್ಲ!" ಅಕ್ಕ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಓಣಿಯಲ್ಲಿ ಆ ಮಾತು ಸಂಜೆಯೊಳಗೆ ಹಬ್ಬಿತು. ನೋಡಲು ಬಂದ ಹೆಂಗಸರು ಮೊದಲು ಕೂಸಿನ ಮುಖ, ಆಮೇಲೆ ತಾಯಿಯ ಉಗುರು ನೋಡಿ ಹೋಗುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ನಾಳೆ ಹೇಳಿದರಾಯಿತು ಎಂದು ಪ್ರತಿದಿನ ಅಂದುಕೊಂಡೆ.

ಎರಡು ದಿನ ಇದ್ದು ಅವ್ವ ರಾಯಚೂರಿಗೆ ಹೋದಳು. ನಾನು ಬಾಣಂತಿಗೆ ಆಸರೆಯಾಗಿ ಉಳಿದೆ. ಅಕ್ಕ ಒಳಲೆ ತೆಗೆದಳು. ಮೂತಿ ಚೂಪಾಗಿರುವ ಬೆಳ್ಳಿಯ ಪುಟ್ಟ ಬಟ್ಟಲು, ನಾವೆಲ್ಲ ಅದರಲ್ಲೇ ಕುಡಿದು ಬೆಳೆದವರು. ಕಾಲು ಚಾಚಿ ಕೂತು, ಕೂಸನ್ನು ಕಾಲಿನ ಮೇಲೆ ಅಂಗಾತ ಮಲಗಿಸಿ, ಒಳಲೆಯ ಮೂತಿಯನ್ನು ಬಾಯಿಗಿಟ್ಟು ಹಾಲು ಬಿಡುವುದು ಪದ್ಧತಿ. ಈ ಕೂಸಿಗೆ ಹಾಗೆ ಬಿಟ್ಟರೆ ಮುಖ ನೀಲಿಯಾಗುತ್ತಿತ್ತು. ಎತ್ತಿ ಬೆನ್ನು ತಟ್ಟಿ ಮತ್ತೆ ಬಿಡುವುದು, ಮತ್ತೆ ನೀಲಿ. ನಾವು ಬಂದ ಐದನೇ ದಿನ ಅಣ್ಣ ಬಂದ. ಕೂಸಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಕಡಲೆಯ ಸುದ್ದಿ ಅವನಿಗೂ ಮುಟ್ಟಿತ್ತು, ಆದರೆ ಅವನು ಕೇಳಿದ್ದು ಬೇರೆ. "ಹೊಟ್ಟಿಗಿ ಏನರ ಹೋಗಾಕತ್ತದೇನು?"

ಇಲ್ಲವೆಂದು ವೈನಿ ತಲೆಯಾಡಿಸಿದಳು. ಮಾನ್ವಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ಮಿಲ್ಲಿನ ಗೆಳೆಯನ ಕೂಸನ್ನು ಉಳಿಸಿಕೊಟ್ಟಿದ್ದಾರೆ, ಅಲ್ಲಿಗೆ ಒಯ್ಯಿರಿ ಎಂದು ಹೇಳಿ, ಅವನು ಕೆಲಸಕ್ಕೆ ವಾಪಸು ಹೋದ.

ಹಸಿ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಅಕ್ಕ, "ನಾನು, ನಿಮ್ಮ ಚಿಗವ್ವ ಹೋಗಿ ಬರ್ತೀವಿ," ಎಂದಳು. ವೈನಿ ಆಗಲೇ ಕಿವಿಗೆ ಅರಳೆ ತುರುಕಿಕೊಂಡು ತಲೆಗೆ ಬಟ್ಟೆ ಸುತ್ತುತ್ತಿದ್ದಳು. "ಹಾಲು ನನ್ನತ್ರ ಅದ ಯವ್ವಾ. ನನ್ನ ಬಿಟ್ಟು ಹೆಂಗ ಹೋಗ್ತೀರಿ?"

ಡಾಕ್ಟರಮ್ಮನ ಕನ್ನಡದಲ್ಲಿ ತೆಲುಗಿನ ಎಳೆತ. ಕೂಸನ್ನು ನೋಡಿ ಅವರು ಮುಖ ಹಿಂಡಲಿಲ್ಲ. ನೋಡಿದ ಹೊರಗಿನವರಲ್ಲಿ ಅವರೊಬ್ಬರೇ ಹಾಗೆ. ಕೂಸನ್ನು ಎತ್ತಿ ನೆಟ್ಟಗೆ ಕೂರಿಸಿಕೊಂಡು, ಕುತ್ತಿಗೆಗೆ ಅಂಗೈ ಆಸರೆ ಕೊಟ್ಟು, ವೈನಿಯ ಎದೆಯ ಹಾಲನ್ನು ಬಟ್ಟಲಿಗೆ ಹಿಂಡಿಸಿ, ಒಳಲೆಯಿಂದ ಕೆನ್ನೆಯ ಒಳಬದಿಗೆ ಹನಿ ಹನಿಯಾಗಿ ಬಿಟ್ಟರು. ಕೂಸು ನುಂಗಿತು. ಇನ್ನೊಂದು ಹನಿ, ಅದನ್ನೂ ನುಂಗಿತು. ವೈನಿಯ ಬಾಯಿಯೂ ಅದರ ಜೊತೆಗೇ ನುಂಗುತ್ತಿತ್ತು.

"ಹಿಂಗ ಕೂಡಿಸೇ ಹಾಕಬೇಕಮ್ಮ. ಮಲಗಿಸಿದ್ರ ಹಾಲು ಉಸಿರಿನ ದಾರಿಗೆ ಹೋಗ್ತದ, ಎದೆಗೆ ಇಳೀತದ. ಸೀಳಿದ ತುಟಿಯಿಂದ ಕೂಸು ಸಾಯಲ್ಲ, ಇದರಿಂದ ಸಾಯ್ತದ. ಹತ್ತು ಪೌಂಡ್ ತೂಕ ಆಗಲಿ, ತುಟಿ ಹೊಲಿಯೋ ದೊಡ್ಡ ಡಾಕ್ಟರತ್ರ ನಾನೇ ಚೀಟಿ ಕೊಟ್ಟು ಕಳಿಸ್ತೀನಿ."

ಆಮೇಲೆ ಒಂದೊಂದೇ ಕೇಳಿದರು. ಬಸುರಿದ್ದಾಗ ಮೂರ್ಛೆರೋಗದ ಗುಳಿಗೆ ನುಂಗಿದ್ದೇನು? ಇಲ್ಲ. ಜೋರು ಜ್ವರ? ಇಲ್ಲ. ಮೊದಲ ಮೂರು ತಿಂಗಳು ಊಟ ಹೇಗಿತ್ತು? ವೈನಿ ಒಪ್ಪತ್ತಿನ ಬಗ್ಗೆ, ವಾಂತಿಯ ಬಗ್ಗೆ, ತಂಬಾಕಿನ ಪುಡಿಯ ಬಗ್ಗೆ ಹೇಳಿದಳು. ಗಂಡ ಹೆಂಡತಿ ಮೊದಲೇ ಸಂಬಂಧವೇ? ಅಕ್ಕ ತುಸು ಹೆಮ್ಮೆಯಿಂದಲೇ, "ನನ್ನ ಸ್ವಂತ ತಮ್ಮಗೇ ಕೊಟ್ಟೀನ್ರಿ," ಎಂದಳು. ನಿಮ್ಮ ಮನೆತನದಲ್ಲಿ ಮೊದಲು ಯಾರಿಗಾದರೂ ಹೀಗಿತ್ತೇ?

"ಇಲ್ರಿ. ಇದು ಗ್ರಹಣದ್ದು," ಎಂದಳು ಅಕ್ಕ.

ನಾನು ತಡೆಯಲಾರದೆ ಕೇಳಿಬಿಟ್ಟೆ: "ಗ್ರಹಣದಾಗ ಹಸಿ ಕಡ್ಲಿ ಸುಲದ್ರ ಹಿಂಗ ಆಗ್ತದೇನ್ರಿ?"

ಅವರು ಬೆರಳು ಮಡಚಿ ಎಣಿಸಿದರು. "ಗ್ರಹಣ ಆದಾಗ ಎಷ್ಟು ತಿಂಗಳು? ಆರು. ತುಟಿ ಎರಡೂ ಕಡೆಯಿಂದ ಬಂದು ಕೂಡೋದು ಎರಡನೇ ತಿಂಗಳಿನಾಗ. ಅಂಗುಳು ಮುಚ್ಚೋದು ಮೂರನೇದರಾಗ. ನಿಮ್ಮ ಗ್ರಹಣ ಬರೋ ಹೊತ್ತಿಗೆ ಈ ಮುಖ ಹಿಂಗೇ ತಯಾರಾಗಿತ್ತಮ್ಮ. ಸಂಬಂಧದಾಗ ಮದುವಿ, ತಂಬಾಕು, ಊಟ ಇಲ್ಲದ್ದು, ರಕ್ತದಾಗ ಮೊದಲೇ ಇದ್ದದ್ದು, ಯಾವುದರಿಂದ ಆಯ್ತು ಅಂತ ನಾನೂ ಬೆರಳು ಮಾಡಿ ತೋರಿಸಲಾರೆ. ಕೆಲವು ಸಲ ಇದ್ಯಾವುದೂ ಇಲ್ಲದವರಿಗೂ ಆಗ್ತದ. ಕಡ್ಲಿಯಿಂದ ಅಂತೂ ಅಲ್ಲ. ಸೊಪ್ಪು, ಕಾಳು, ಕಡ್ಲಿ ಇನ್ನೂ ಮೊದಲು, ದಿನಾ ತಿನ್ನಿಸಬೇಕಿತ್ತು ನೀವು."

ವೈನಿ ಅಲ್ಲೇ ಅಳಲು ಶುರುಮಾಡಿದಳು. ಹೆತ್ತಾಗಿನಿಂದ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಿರವಾರ ದಾಟಿದ ಮೇಲೆ ಬಸ್ಸಿನಲ್ಲಿ ಅಕ್ಕ ನನ್ನ ಕಿವಿಯ ಹತ್ತಿರ ಬಾಗಿದಳು. "ನಮ್ಮ ಸೋದರಮಾವನ ಮೀಸಿ ನೆನಪದೇನು?" ಅವ್ವನ ತಮ್ಮ, ದೊಡ್ಡ ಪೊದೆ ಮೀಸೆಯವನು. ಮಾತು ಮೂಗಿನಲ್ಲಿ ಬರುತ್ತಿತ್ತು. ಚಿಕ್ಕಂದಿನಲ್ಲಿ ಹೋರಿ ಹಾಯ್ದು ತುಟಿ ಹರಿದಿದೆ ಎಂದು ನಮಗೆಲ್ಲ ಹೇಳಿದ್ದರು.

"ಹೋರಿ ಹಾಯ್ದದ್ದಲ್ಲೇನಕ್ಕ ಅದು?"

"ಹಾಯ್ದದ್ದು ನೋಡಿದವರು ಯಾರೂ ಇಲ್ಲ," ಎಂದಳು ಅಕ್ಕ. "ಅವ್ವಗ ಈ ಡಾಕ್ಟರಮ್ಮನ ಮಾತು ಹೇಳಬ್ಯಾಡ. ತನ್ನ ತವರಿನ ಮ್ಯಾಲ ಬಂತು ಅಂದ್ರ ತಡಕೊಳ್ಳೋದಿಲ್ಲ."

ನನಗೆ ಅದು ಬಹಳ ಒಪ್ಪಿತು. ಡಾಕ್ಟರಮ್ಮನ ಮಾತು ಹೇಳಿದರೆ ಮಾನ್ವಿಗೆ ಹೋದದ್ದು ಹೇಳಬೇಕು, ಒಂಬತ್ತು ದಿನದ ಬಾಣಂತಿಯನ್ನು ಬಿಸಿಲಲ್ಲಿ ಬಸ್ಸಿಗೆ ಹತ್ತಿಸಿದ್ದು ಹೇಳಬೇಕು. ಅಲ್ಲಿಂದ ಮಾತು ಕಡಲೆಗೆ ಬಂದರೆ ಕೊಟ್ಟವಳು ಯಾರೆಂದೂ ಹೇಳಬೇಕಾಗುತ್ತದೆ. "ಮಾನ್ವಿಗೆ ಹೋದದ್ದೇ ಹೇಳೋದು ಬ್ಯಾಡ," ಎಂದೆ. ಅಣ್ಣನಿಗೂ ಹಾಗೇ ಹೇಳಿ ಕಳಿಸಿದೆವು. ಮೂವರೂ ಅದನ್ನು ಒಂದು ಜಾಣತನ ಎಂದುಕೊಂಡು ಊರಿಗಿಳಿದೆವು.

ಮುಂದಿನ ಹದಿನೈದು ಇಪ್ಪತ್ತು ದಿನ ನನ್ನ ಬದುಕಿನಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸದ ದಿನಗಳು. ಎರಡು ತಾಸಿಗೊಮ್ಮೆ ವೈನಿ ಹಾಲು ಹಿಂಡುವಳು, ನಾನು ಕೂಸನ್ನು ಕೂರಿಸಿ ಹಿಡಿಯುವೆ, ಅವಳು ಹನಿಸುವಳು. ಒಂದು ಹೊತ್ತಿನ ಹಾಲಿಗೆ ಅರ್ಧ ತಾಸು. ಕೂಸಿಗೆ ಕೆನ್ನೆ ಬಂತು, ತೊಡೆಯಲ್ಲಿ ಗೆರೆ ಬಂತು. ಭಾವನದು ಕಿರಾಣಿ ಅಂಗಡಿ. ಮಧ್ಯಾಹ್ನ ಬಾಗಿಲು ಮುಚ್ಚಿದಾಗ ಅಕ್ಕ ಅಂಗಡಿಯ ತಕ್ಕಡಿ ತಂದು, ದೃಷ್ಟಿಯಾದೀತೆಂದು ಕದ ಹಾಕಿ, ಕೂಸನ್ನು ಒಂದು ತಟ್ಟೆಯಲ್ಲಿ ಇಟ್ಟು ತೂಗುತ್ತಿದ್ದಳು. "ಬೆಲ್ಲದ ಪೆಂಟಿ ಬಂತು ನೋಡ್ರಿ, ಯಾರಿಗಿ ಬೇಕು?" ಎನ್ನುತ್ತಿದ್ದ ಭಾವ. "ಹರಿದ ಪೆಂಟಿ ಇದು, ನಮಗ ಇರ್ಲಿ ಬಿಡ್ರಿ," ಎಂದು ವೈನಿ ಎತ್ತಿಕೊಳ್ಳುತ್ತಿದ್ದಳು. ಆ ಮಾತನ್ನು ನಗುತ್ತ ಆಡುವಷ್ಟು ಅವಳು ಗಟ್ಟಿಯಾಗಿದ್ದಳು. ಕೂಸೂ ನಗುವುದನ್ನು ಕಲಿಯಿತು. ಸೀಳಿದ ತುಟಿಯಿಂದ ನಕ್ಕರೆ ಮುಖದ ತುಂಬ ನಗು ಆಗುತ್ತಿತ್ತು.

ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಹತ್ತಿರ ಬಂತೆಂದು ಅವ್ವ ಬಂದಳು. ಈ ಸಲ ಕೂಸನ್ನು ಬಂದವಳೇ ಎತ್ತಿಕೊಂಡಳು. ಸಿಟ್ಟು ಇಳಿದಿತ್ತು. ಕೂಸಿನ ಕಿವಿಯಲ್ಲಿ ಏನೇನೋ ಹೇಳಿ ನಗಿಸಿದಳು. ನಾವು ಕೂರಿಸಿ ಹಾಲು ಹಾಕುವುದನ್ನು ನೋಡಿ ಹೌಹಾರಿದಳು. "ಕುತ್ತಿಗಿ ನಿಲ್ಲದ ಕೂಸಿಗಿ ಹಿಂಗ ಕೂಡಸ್ತಾರೇನ? ನರ ಹಿಡೀತದ!"

"ಇದಕ್ಕ ಹಿಂಗೇ ರೂಢಿ ಆಗ್ಯದ ಅಮ್ಮ. ಮಲಗಿಸಿ ಹಾಕಬ್ಯಾಡ್ರಿ," ಎಂದಳು ವೈನಿ. ಯಾಕೆ ಎಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬಾರದೆಂದು ಮೂವರೂ ಒಪ್ಪಿದ್ದೆವಲ್ಲ.

ಮರುದಿನ ಬೆಳಗ್ಗೆ ಬಚ್ಚಲಲ್ಲಿ ಅಕ್ಕ ಬಾಣಂತಿಗೆ ನೀರು ಹಾಕುತ್ತಿದ್ದಳು. ಹಿಂಡಿಟ್ಟ ಹಾಲು ಬಟ್ಟಲಲ್ಲಿ ಇತ್ತು. ನಾನು ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಹಿಟ್ಟಿನ ಡಬ್ಬಿ ಹೊತ್ತು ಒಳಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಕೂಸು ಅವಳ ಕಾಲಿನ ಮೇಲೆ ಅಂಗಾತ ಮಲಗಿತ್ತು, ಕಣ್ಣು ಅರೆ ಮುಚ್ಚಿತ್ತು. ಒಳಲೆ ಖಾಲಿ.

"ಅಳಾಕತ್ತಿತ್ತು, ಪಾಪ. ನೋಡು, ಇಡೀ ಬಟ್ಟಲ ಕುಡದ ನನ್ನ ಅಪ್ಪ. ಎರಡು ಸಲ ನೆತ್ತಿಗೇರ್ತು, ಬೆನ್ನು ತಟ್ಟಿದೆ, ಹೋತು. ನೀವು ಅರ್ಧ ತಾಸು ಮಾಡೋದು ನನಗ ಒಂದು ಗಳಿಗಿ ಕೆಲಸ. ಒಂಬತ್ತು ಮಂದಿನ್ನ ಹಿಂಗೇ ಸಾಕೀನಿ ನಾ."

ಎಷ್ಟು ಸಂತೋಷವಿತ್ತು ಆ ಮುಖದಲ್ಲಿ! ನಾನು ಡಬ್ಬಿ ಇಳಿಸಿ ಕೂಸನ್ನು ಎತ್ತಿಕೊಂಡೆ. ಎದೆಯೊಳಗೆ ಗೊರ ಗೊರ ಎನ್ನುತ್ತಿತ್ತು.

ಮಧ್ಯಾಹ್ನಕ್ಕೆ ಉಸಿರು ಜೋರಾಯಿತು, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆಯತೊಡಗಿತು. ಜ್ವರ ಬಂತು. ಸಿಕ್ಕ ಬಸ್ಸಿಗೆ ಮಾನ್ವಿಗೆ ಓಡಿದೆವು, ಅವ್ವನೂ ಬಂದಳು. ಒಳಗೆ ಬಿಟ್ಟದ್ದು ನನ್ನನ್ನೂ ವೈನಿಯನ್ನೂ ಮಾತ್ರ. ಡಾಕ್ಟರಮ್ಮ ಸೂಜಿ ಕೊಟ್ಟರು, ಎರಡು ದಿನ ತಮ್ಮಲ್ಲೇ ಇರಿಸಿಕೊಂಡರು. ಮೂರನೆಯ ದಿನ ಬೆಳಗ್ಗೆ, ಹಾಲು ಹಾಕುವ ಹೊತ್ತಿಗೆ ಸರಿಯಾಗಿ, ಕೂಸು ಹೋಯಿತು. ನಾನು ಕೂರಿಸಿಯೇ ಹಿಡಿದಿದ್ದೆ.

"ಹಾಲು ಎದೆಗೆ ಇಳಿದಿತ್ತು," ಎಂದರು ಡಾಕ್ಟರಮ್ಮ, ನನಗೂ ವೈನಿಗೂ ಮಾತ್ರ ಕೇಳುವಂತೆ. "ಯಾರು ಮಲಗಿಸಿ ಹಾಕಿದ್ರು?"

ವೈನಿ ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡಳು. ಹೊರಗೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಅವ್ವ ಕೂತಿದ್ದಳು. ನಮ್ಮನ್ನು ನೋಡಿ ಎದ್ದು ನಿಂತಳು. ವೈನಿಯ ಕೈಯಲ್ಲಿ ಬಟ್ಟೆ ಸುತ್ತಿದ ಕೂಸಿತ್ತು.

"ಏನಾಗಿತ್ತಂತ? ಹಾಲು ಅಷ್ಟು ಚೆಂದ ಕುಡದಿತ್ತಲ್ಲ. ನಾನ ಹಾಕಿದ್ದೆ. ಏನಂದ್ರು ಡಾಕ್ಟರು?"

ಆ ಕ್ಷಣದಲ್ಲಿ ನಾನು ಹೇಳಬೇಕಿತ್ತು. ಕಾಯಿ ಕೊಟ್ಟವಳು ನಾನು, ಮಾನ್ವಿಯ ಮಾತು ಮುಚ್ಚಿಟ್ಟವಳು ನಾನು ಎಂದು. ಯಾರ ಪಾಲು ಎಷ್ಟು ಎಂದು ಹೇಳಲು ಹೊರಟರೆ ಒಂದು ಪಾಲು ಅವ್ವನ ಕಾಲಿನ ಮೇಲೆ ಬೀಳುತ್ತಿತ್ತು.

ವೈನಿ ಹೇಳಿದಳು, "ಗ್ರಹಣದ ಕೂಸು ಉಳಿಯೋದಿಲ್ಲಂತ, ಅಮ್ಮ. ನಿಮ್ಮ ಮಾತು ಕೇಳಬೇಕಿತ್ತು ನಾನು. ಅವತ್ತು ಸುಲಿಯಬಾರದಿತ್ತು."

ಅವ್ವ ಅವಳನ್ನೂ ಕೂಸನ್ನೂ ಒಟ್ಟಿಗೆ ತಬ್ಬಿಕೊಂಡಳು. "ಬಿಡು ನನ್ನವ್ವಾ, ಬಿಡು. ಸಣ್ಣಾಕಿ ನೀ, ತಿಳೀಲಿಲ್ಲ. ನಾನೂ ಅವತ್ತು ಬಾಳ ಅಂದೆ ನಿನಗ. ನನ್ನ ಮನಸಿನಾಗ ಏನೂ ಇಲ್ಲ ಈಗ." ಮೊಮ್ಮಗಳ ತಪ್ಪನ್ನು ಮನಃಪೂರ್ವಕವಾಗಿ ಕ್ಷಮಿಸಿದಳು. ವೈನಿ ಆ ಕ್ಷಮೆಯನ್ನು ತಲೆ ಬಗ್ಗಿಸಿ ತೆಗೆದುಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ನಾಲ್ಕು ದಿನ ಹಾಲು ನಿಲ್ಲಲಿಲ್ಲ. ಎರಡು ತಾಸಿಗೊಮ್ಮೆ ರವಿಕೆ ತೋಯುತ್ತಿತ್ತು. ವೈನಿ ಆ ಹೊತ್ತಿಗೆ ಎದ್ದು, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತು, ಬಟ್ಟಲಿಗೆ ಹಿಂಡುತ್ತಿದ್ದಳು. ತುಂಬಿದ ಬಟ್ಟಲು ಹಿಡಿದು, "ಎಲ್ಲಿ ಚೆಲ್ಲಬೇಕು ಚಿಗವ್ವಾ?" ಎಂದು ಒಂದು ಸಲ ಕೇಳಿದಳು.

ಐದನೆಯ ದಿನ ಅವ್ವ ಒಂದು ಮೊರದ ತುಂಬ ಮಲ್ಲಿಗೆ ಮೊಗ್ಗು ತರಿಸಿದಳು. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ. ಸೂತಕದ ಮನೆಯಲ್ಲಿ ಆ ವಾಸನೆ ತಡೆಯಲಾಗುತ್ತಿರಲಿಲ್ಲ. ಅವ್ವ ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು, ಎದೆಯ ಮೇಲೆ ಹೂವಿಟ್ಟು, ಹಳೆಯ ಸೀರೆಯ ತುಂಡಿನಿಂದ ಸುತ್ತಿ ಸುತ್ತಿ ಬಿಗಿದಳು. ನೋಯದಂತೆ ಗಂಟನ್ನು ಬೆನ್ನಿನಿಂದ ಪಕ್ಕಕ್ಕೆ ಸರಿಸಿದಳು. ಅವಳ ಕೈ ಬಹಳ ಮೆತ್ತಗೆ ಓಡಾಡುತ್ತಿತ್ತು.

"ದೇವರು ಇನ್ನೊಂದು ಕೊಡ್ತಾನ. ಮುಂದಿನ ಬಾಣಂತನಕ್ಕ ಮೊದಲ ದಿನದಿಂದ ನಾನ ಬಂದು ಕುಂದರ್ತೀನಿ. ನೀವು ಹುಡುಗೂರು, ನಿಮಗ ತಿಳಿಯೋದಿಲ್ಲ. ನನ್ನ ಕೈಯಾರ ನಾನ ಹಾಲು ಹಾಕ್ತೀನಿ."

"ಹೂಂ ಅಮ್ಮ," ಎಂದಳು ವೈನಿ, "ನೀವ ಹಾಕ್ರಿ."